ಆಗಸ್ಟ್ ತಿಂಗಳ ಕವಿತೆ

"ಯಾರ್ರೀ ಇಲ್ಲಿ ಸಂಪಾದಕರು?"

ಬಾಗಿಲು ತಳ್ಳಿದ ರಭಸಕ್ಕೆ ಮೇಜಿನ ಮೇಲಿದ್ದ ಹಾಳೆಗಳೆಲ್ಲ ನೆಲಕ್ಕೆ ಹಾರಿದವು. ಎದುರಿಗೆ ನಿಂತಿದ್ದವನ ಕೈಯಲ್ಲಿ ಆ ವರ್ಷದ ಕ್ಯಾಲೆಂಡರ್, ತೋಳಿನ ತುಂಬ ನೀಲಿ ಬಣ್ಣ, ಮುಖವಂತೂ ಕೆಂಡ!

"ನಾನೇ," ಎಂದಳು ಅವಳು, ಕಡ್ಡಿಗೆ ದಾರ ಸುತ್ತಿದ ಕನ್ನಡಕ ಸರಿಮಾಡಿಕೊಳ್ಳುತ್ತ.

"ಇದು ನಾನು ಬರೆದ ಚಿತ್ರ. ಮಕ್ಕಳು ನೀರಲ್ಲಿ ಕುಣೀತಿದಾರೆ. ಇದರ ಕೆಳಗೆ ನೀವು ಹಾಕಿರೋದು ಮಗೂನ ಕಳ್ಕೊಂಡ ತಾಯಿಯ ಕವಿತೆ! ತಲೆ ನೆಟ್ಟಗಿದೆಯೇನ್ರೀ?"

"ನೆಟ್ಟಗೇ ಇದೆ. ಕೂತ್ಕೊಳ್ಳಿ. ಕವಿತೆ ಇನ್ನೊಂದ್ಸಲ ಓದಿ, ಆಮೇಲೆ ಚಿತ್ರ ನೋಡಿ. ಅಷ್ಟಾದ್ಮೇಲೂ ಕೋಪ ಇದ್ರೆ ಬೈಯಿರಿ, ಕೇಳ್ತೀನಿ."

ಅವನು ಗೊಣಗುತ್ತಲೇ ಓದಿದ. ಚಿತ್ರ ನೋಡಿದ.

"ಈ ಮೂಲೇಲಿ ಒಬ್ಬಳೇ ನಿಂತಿರೋ ಹುಡುಗಿ... ಬರೆದವನು ನಾನೇ. ಈಗ ಕಾಣಿಸ್ತಿದಾಳೆ ನೋಡಿ ನನಗೆ."

"ನಗೋ ಚಿತ್ರಕ್ಕೆ ನಗೋ ಕವಿತೆ ಹಾಕಿದ್ರೆ ಒಂದನ್ನೊಂದು ನುಂಗಿಬಿಡುತ್ತೆ. ನಗುವಿಗೆ ಅಳು, ಗದ್ದಲಕ್ಕೆ ಒಂಟಿತನ. ಅದು ನನ್ನ ರೂಢಿ," ಎಂದಳು ಅವಳು. ಹೇಳುವಾಗ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ?

ಜಂಬ ಪಡುವಂಥ ಕ್ಯಾಲೆಂಡರೇ ಅದು. ಹನ್ನೆರಡು ಮಂದಿ ಕಲಾವಿದರ ಹೊಸ ಚಿತ್ರಗಳು, ಹನ್ನೆರಡು ಕವಿತೆಗಳು. ಯಾವ ಚಿತ್ರಕ್ಕೆ ಯಾವ ಕವಿತೆ ಜೊತೆಯಾಗಿದೆ ಎನ್ನುವುದು ಅವಳಿಗೂ ಪ್ರಕಾಶನದ ಯಜಮಾನರಿಗೂ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡುಗಡೆಯ ದಿನ ಸಭಾಂಗಣದಲ್ಲಿ ಹನ್ನೆರಡು ದೊಡ್ಡ ಪುಟಗಳ ಮೇಲಿನ ಬಟ್ಟೆ ಒಂದೊಂದಾಗಿ ಸರಿಯಬೇಕು, ಆಗಲೇ ಚಿತ್ರ ಬರೆದವರೂ ಕವಿತೆ ಬರೆದವರೂ ನೋಡಬೇಕು. ಆ ವರ್ಷ ಬಿಡುಗಡೆಗೆ ಬರಲಾಗದ ಇವನು ಅಂಗಡಿಯಲ್ಲಿ ಕ್ಯಾಲೆಂಡರ್ ಕೊಂಡು ನೋಡಿ, ನೇರ ಜಗಳಕ್ಕೇ ಬಂದಿದ್ದ.

ಜಗಳಕ್ಕೆ ಬಂದವನು ಕಾಫಿ ಕುಡಿದು ಹೋದ. ಮರುವಾರ ಕೊಡೆ ಮರೆತೆ ಎಂದು ಬಂದ. ಕೊಡೆ ತಂದೇ ಇರಲಿಲ್ಲ!

"ಬಂದ್ನಾ ನಿನ್ನ ದೂರ್ವಾಸ?" ಎಂದು ಅವಳ ಅಕ್ಕ ದಿನಾ ಸಂಜೆ ಕಾಡಿಸುತ್ತಿದ್ದಳು.

"ನನ್ನ ದೂರ್ವಾಸ ಯಾಕಾಗ್ತಾನೆ? ಸುಮ್ನಿರೇ!"

"ಸುಮ್ನಿರ್ತೀನಿ. ಕೆನ್ನೆ ಯಾಕೆ ಕೆಂಪಾಯ್ತು ಅಂತ ಹೇಳಿಬಿಡು, ಸಾಕು."

ಮುಂದಿನ ವರ್ಷದ ಕ್ಯಾಲೆಂಡರಿಗೆ ಅವನು ತಂದುಕೊಟ್ಟ ಚಿತ್ರದ ಹೊದಿಕೆಯನ್ನು ಅವಳು ಬಿಚ್ಚಿದಳು. ಬಾಲ್ಕನಿಯಲ್ಲಿ ಎರಡು ಕುರ್ಚಿ. ಒಂದರ ಬೆನ್ನಿಗೆ ನೀಲಿ ಬಣ್ಣ ಮೆತ್ತಿದ ಅಂಗಿ. ಇನ್ನೊಂದು ಖಾಲಿ, ಅದರ ಕೈಯ ಮೇಲೆ ದಾರ ಸುತ್ತಿದ ಕಡ್ಡಿಯ ಕನ್ನಡಕ. ಅವಳದೇ ಕನ್ನಡಕ!

ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. "ಯಾವ ಕವಿತೆ ಹಾಕ್ತೀಯ ನೋಡ್ತೀನಿ," ಎಂದಷ್ಟೇ ಅಂದು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋಗಿಬಿಟ್ಟ.

ಅವಳಿಗೆ ಅರ್ಥವಾಗಲಿಲ್ಲವೇ? ಖಂಡಿತ ಆಯಿತು. ಆ ರಾತ್ರಿ ನಿದ್ದೆಯೇ ಬರಲಿಲ್ಲ. 'ಹೂಂ ಅಂತೀನಿ... ಬಿಡುಗಡೆ ಮುಗಿದ ತಕ್ಷಣ, ಎದುರಿಗೆ ನಿಂತು ಹೂಂ ಅಂತೀನಿ' ಎಂದು ನಿರ್ಧಾರವೂ ಮಾಡಿಕೊಂಡಳು.

ಆದರೆ ಪುಟ? ಅಲ್ಲಿಯೇ ಅವಳ ಬುದ್ಧಿ ಕೈಕೊಟ್ಟಿತು ನೋಡಿ. ಒಲವಿನ ಕವಿತೆಗಳು ಕೈಯಲ್ಲಿದ್ದವು, ಒಂದಲ್ಲ, ನಾಲ್ಕು. ಅವನ್ನು ಚಿತ್ರದ ಪಕ್ಕ ಇಟ್ಟು ನೋಡಿದರೆ ಪುಟ ಸಪ್ಪೆ ಎನಿಸಿತು. ಕೊನೆಗೆ ಬೇರೊಂದು ಕವಿತೆ ಇಟ್ಟಳು:

ಕಾಯಬೇಡ ಇನ್ನು, ಕುರ್ಚಿ ಒಳಗಿಟ್ಟು ಬಾಗಿಲು ಹಾಕಿಕೋ,
ಈ ದಾರಿಯಲ್ಲಿ ಬರುವವರು ಯಾರೂ ಇಲ್ಲ.

ಪುಟ ಜೀವ ತಳೆದಂತಾಯಿತು. ಆ ವರ್ಷದ ಅತ್ಯುತ್ತಮ ಪುಟ! 'ನನ್ನ ರೂಢಿ ಅವನಿಗೆ ಗೊತ್ತಲ್ಲ, ಪುಟ ಬೇರೆ, ಬದುಕು ಬೇರೆ' ಎಂದು ತನಗೆ ತಾನೇ ಹೇಳಿಕೊಂಡು ಅಚ್ಚಿಗೆ ಕಳಿಸಿಬಿಟ್ಟಳು.

ಬಿಡುಗಡೆಯ ದಿನ ಆಗಸ್ಟ್ ಪುಟದ ಮೇಲಿನ ಬಟ್ಟೆ ಸರಿಯಿತು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿದ್ದ ಅವನು ಮಾತ್ರ ಕವಿತೆಯನ್ನು ಓದಿದ, ಮತ್ತೆ ಓದಿದ. ಎದ್ದು ಹೊರಗೆ ಹೋದ.

ಅವಳು ಮೈಕಿನ ಮುಂದಿದ್ದಳು. ಇನ್ನೂ ನಾಲ್ಕು ಪುಟಗಳಿದ್ದವು. ನಿಂತಲ್ಲೇ ನಿಂತು ಸೆಪ್ಟೆಂಬರಿನ ಬಗ್ಗೆ ಮಾತಾಡಿದಳು...

ಆಮೇಲೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಅವನ ಕೋಣೆಗೆ ಹೋದರೆ ಬೀಗ. "ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋದ್ರು," ಎಂದರು ಪಕ್ಕದ ಮನೆಯವರು. ವಿಳಾಸ ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. 'ಇಷ್ಟಕ್ಕೇ ಮುನಿಸಿಕೊಂಡ್ರೆ ನಾನೇನ್ ಮಾಡ್ಲಿ? ಬೇಕಿದ್ರೆ ಬರ್ತಾನೆ' ಎಂದು ಬಿಂಕದಿಂದ ತಿರುಗಿ ಬಂದಳು. ಆ ಬಿಂಕವನ್ನು ನೆನೆದು ಆಮೇಲೆ ಅವಳು ಅತ್ತದ್ದು ಅಷ್ಟಿಷ್ಟಲ್ಲ.

ಅವನು ಬರಲಿಲ್ಲ. ಮೂರು ವರ್ಷ ಕಳೆದವು. ಅಕ್ಕ ಕಾಡಿಸುವುದನ್ನೇ ಬಿಟ್ಟಳು.

ಈ ವರ್ಷ, ಅವನ ಚಿತ್ರಗಳನ್ನು ಮಾರುವ ಗ್ಯಾಲರಿಯ ವ್ಯವಸ್ಥಾಪಕರು ಒಂದು ಚಿತ್ರ ತಂದುಕೊಟ್ಟರು. "ಅವರದೇ. ಕ್ಯಾಲೆಂಡರಿಗೆ ಕೊಡಿ ಅಂದ್ರು. ಇನ್ನೇನೂ ಹೇಳಲಿಲ್ಲ."

ಒಂದು ಹಾಸಿಗೆ. ಮಡಚಿಟ್ಟ ಹೊದಿಕೆ. ತೆರೆದ ಕಿಟಕಿ. ಮನುಷ್ಯರು ಯಾರೂ ಇಲ್ಲ.

ಅವಳು ಬಹಳ ಹೊತ್ತು ನೋಡಿದಳು. ರೂಢಿಯಂತೆ ಇದಕ್ಕೊಂದು ನಗುವ ಕವಿತೆ ಬೇಕು. ಕೈ ಅತ್ತ ಹೋಗಲೇ ಇಲ್ಲ. ಅಗಲಿದವರ ಪಕ್ಕದಲ್ಲಿ ಸುಮ್ಮನೆ ಕೂರುವ ಒಂದು ಪುಟ್ಟ ಕವಿತೆಯನ್ನು ಹುಡುಕಿ ಇಟ್ಟಳು.

"ಇದೇನಮ್ಮ, ದುಃಖಕ್ಕೆ ದುಃಖಾನೇ ಹಾಕಿದೀಯ? ಪುಟ ಸಪ್ಪೆ ಆಯ್ತಲ್ಲ?" ಎಂದರು ಯಜಮಾನರು.

"ಆಗ್ಲಿ ಸರ್. ಇದೊಂದು ಸಪ್ಪೆ ಆಗ್ಲಿ."

ಬಿಡುಗಡೆಯ ದಿನ ಅವಳು ಬಾಗಿಲನ್ನೇ ನೋಡುತ್ತಿದ್ದಳು. ಅವನು ಬರುತ್ತಾನೋ ಇಲ್ಲವೋ? ಬಂದರೂ ತನ್ನ ಮಾತಿಗೆ ಕಿವಿಗೊಡುತ್ತಾನೋ? ಇವತ್ತು ತಪ್ಪಿದರೆ ಇನ್ನು ಯಾವತ್ತೂ ಇಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು. ಮೂರನೆಯ ಬಟ್ಟೆ ಸರಿಯುವಾಗ ಕೊನೆಯ ಸಾಲಿನಲ್ಲಿ ಯಾರೋ ಬಂದು ಕುಳಿತರು. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಅವನೇ!

ಅವನ ಪುಟ ಬಂತು. ಅವಳು ಬರೆದುಕೊಂಡು ಬಂದಿದ್ದ ಮಾತುಗಳನ್ನು ಓದಲಿಲ್ಲ.

"ಈ ಪುಟದ ಬಗ್ಗೆ ಹೇಳೋಕೆ ಮೊದಲು ಒಂದು ಹಳೇ ಪುಟದ ಬಗ್ಗೆ ಹೇಳಬೇಕು," ಎಂದಳು. "ಮೂರು ವರ್ಷದ ಹಿಂದೆ ಆಗಸ್ಟ್ ತಿಂಗಳಿಗೆ ನಾನೊಂದು ಕವಿತೆ ಹಾಕಿದ್ದೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ಆ ಚಿತ್ರ ನನ್ನನ್ನ ಒಂದು ಮಾತು ಕೇಳಿತ್ತು. ನನ್ನ ಮನಸ್ಸಲ್ಲಿದ್ದದ್ದು ಒಂದು, ಪುಟದಲ್ಲಿ ಹಾಕಿದ್ದು ಇನ್ನೊಂದು. ಪುಟ ಚೆನ್ನಾಗಿ ಕಾಣಲಿ ಅನ್ನೋ ಆಸೆಗೆ, ನನಗೆ ಬೇಕಾದವರನ್ನ ಎಲ್ಲರೆದುರು ನೋಯಿಸಿದೆ. ಇವತ್ತು ಎಲ್ಲರೆದುರೇ ಹೇಳ್ತೀನಿ... ಅದು ನನ್ನ ಉತ್ತರ ಆಗಿರಲಿಲ್ಲ."

ಕೊನೆಯ ಸಾಲಿನಲ್ಲಿ ಕುಳಿತವನು ಎದ್ದ. ಹೊರಗೆ ನಡೆದ.

'ಮತ್ತೆ ಹೋದ!' ಇನ್ನೂ ಅರ್ಧದಷ್ಟು ಪುಟಗಳು ಬಾಕಿ ಇದ್ದವು, ಯಜಮಾನರು ಗಾಬರಿಯಿಂದ ಕೈಸನ್ನೆ ಮಾಡುತ್ತಿದ್ದರು. ಮಾಡಲಿ! ಮೈಕನ್ನು ಅವರ ಕೈಗೆ ತುರುಕಿ ಓಡಿದಳು.

ಅವನು ದೂರ ಹೋಗಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಭುಜಗಳು ಅಲುಗುತ್ತಿದ್ದವು.

"ಅದು ಅಮ್ಮನ ಹಾಸಿಗೆ," ಎಂದ ತಿರುಗದೆಯೇ. "ಹೋದ ವರ್ಷ ತೀರಿಕೊಂಡ್ರು."

"ಅಯ್ಯೋ..."

"ನಿನ್ನ ವಿಷಯ ಎಲ್ಲಾ ಅವರಿಗೆ ಹೇಳಿದ್ದೆ. ಕೊನೇವರೆಗೂ ಕೇಳ್ತಿದ್ರು, ಆ ಕವಿತೆ ಹುಡುಗಿ ಎಲ್ಲೋ, ಕರ್ಕೊಂಡು ಬಾರೋ ಅಂತ. ಅವಳು ಬೇಡ ಅಂದ್ಲಮ್ಮ ಅಂದೆ."

"ನಾನು ಬೇಡ ಅನ್ನಲಿಲ್ಲ ಕಣೋ!" ಅವಳು ಬಿಕ್ಕಿದಳು.

"ಗೊತ್ತಿತ್ತು. ಅದೇ ನನ್ನನ್ನ ತಿಂತಿರೋದು. ನಿನ್ನ ರೂಢಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ, ನನ್ನ ಚಿತ್ರಕ್ಕೆ ಒಂದೇ ಒಂದ್ಸಲ ಅದನ್ನ ಬಿಡ್ತೀಯ ಅಂದ್ಕೊಂಡಿದ್ದೆ. ಬಿಡಲಿಲ್ಲ. ಆ ಮುನಿಸಲ್ಲಿ ನಾನೂ ಹಟ ಹಿಡಿದು ಅಮ್ಮನಿಗೆ ಸುಳ್ಳು ಹೇಳಿದೆ."

"ನಾನು ಬಂದು ಅವರ ಪಕ್ಕ ಕೂತ್ಕೋಬಹುದಿತ್ತು..."

"ಹೌದು. ಕೂತ್ಕೋಬಹುದಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಯಾವ ಮಾತೂ ಆ ತಾಯಿಯನ್ನು ತಿರುಗಿ ತರುವಂತಿರಲಿಲ್ಲ. ಒಳಗೆ ಯಜಮಾನರು ತಡವರಿಸುತ್ತ ಮುಂದಿನ ಪುಟದ ಬಗ್ಗೆ ಏನೋ ಹೇಳುತ್ತಿದ್ದರು.

ಅವನು ಕಣ್ಣೊರೆಸಿಕೊಂಡು ಅವಳತ್ತ ತಿರುಗಿದ.

"ಈಗ ಚಿತ್ರ ಬೇಡ, ಕವಿತೆ ಗಿವಿತೆ ಬೇಡ. ಬಾಯಿ ಬಿಟ್ಟು ಕೇಳ್ತೀನಿ. ನನ್ನ ಜೊತೆ ಇರ್ತೀಯಾ?"

"ಇರ್ತೀನಿ."

"ಅಷ್ಟೇನಾ?"

"ಅಷ್ಟೇ. ಇದನ್ನ ಅವತ್ತೇ ಹೇಳಬೇಕಿತ್ತು."

"ನಾನೂ ಅವತ್ತೇ ಕೇಳಬೇಕಿತ್ತು."

ಅವಳು ಮೆಟ್ಟಿಲ ಮೇಲೆ ಕುಳಿತು ಅವನ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಅಮ್ಮ ಹೇಗಿದ್ರು? ಹೇಳು. ನನಗೆ ಎಲ್ಲಾ ಗೊತ್ತಾಗಬೇಕು."

"ತುಂಬಾ ಮಾತಾಡೋರು," ಎಂದ ಅವನು. ಅಳುತ್ತಲೇ ನಕ್ಕ. "ಮನಸ್ಸಲ್ಲಿದ್ದದ್ದನ್ನ ತಕ್ಷಣ ಹೇಳಿಬಿಡೋರು. ನಮ್ಮಿಬ್ಬರ ಹಾಗಲ್ಲ."