ಸ್ಪೀಕರಿನ ಹಿಂದೆ ಆಡಿದ ಮಾತು

"ನೀವು ಕೇಬಲ್ ಹಾಕಿ ಹೋದ ದಿನದಿಂದ ಮನೇಲಿ ಸೊಳ್ಳೆ ಸಾಕಿದ ಹಾಗಾಗಿದೆ," ಎಂದಳು ಅವಳು, ಬಾಗಿಲು ತೆರೆದವಳೇ. "ಒಂದೇ ಸಮ ಕುಂಯ್ ಅಂತಿದೆ."

ಹೊಸ್ತಿಲಲ್ಲಿ ನಿಂತವನು ಟೂಲ್ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡ. ಅವನು ಕೆಲಸ ಮಾಡುವ ಹೈ-ಫೈ ಸ್ಪೀಕರುಗಳ ಅಂಗಡಿಯಲ್ಲಿ ಅವನಿಗೆ ಮೊಲ ಎಂದೇ ಹೆಸರು. ಎಲೆ ಅಲುಗಿದರೂ ಕಿವಿ ನಿಮಿರುತ್ತದೆ ಎಂದು ಯಾರೋ ಇಟ್ಟದ್ದು ಗಿರಾಕಿಗಳ ಬಾಯಲ್ಲೂ ಉಳಿದುಬಿಟ್ಟಿತ್ತು.

ಅವನು ಸ್ಪೀಕರಿನ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, ಕಿವಿಗೊಟ್ಟ. ಅವನ ರೆಪ್ಪೆ ಎಷ್ಟು ಉದ್ದ ಎಂದು ಅವಳು ಗಮನಿಸಿದ್ದು ಆಗಲೇ. ಜಗಳದ ಮಧ್ಯೆ ಗಮನಿಸುವ ವಿಷಯವೇ ಅದು? ಗಮನಿಸಿದ್ದಂತೂ ಆಯಿತು.

"ಏನೂ ಇಲ್ಲವಲ್ಲ," ಎಂದ.

"ನನಗೂ ಕೇಳಿಸ್ತಿಲ್ಲ ಪುಟ್ಟೀ," ಎಂದರು ಅಪ್ಪ, ಆರಾಮಕುರ್ಚಿಯಿಂದ.

"ನಿಮಗೆ ಕುಕ್ಕರ್ ವಿಸಿಲ್ಲೇ ಕೇಳಿಸಲ್ಲ, ನೀವು ಸುಮ್ನಿರಿ ಅಪ್ಪಾ." ಅವಳು ಅವನ ಕಡೆ ತಿರುಗಿದಳು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ನೋಡಿದ್ದೆ. ಮೊಲವೇ ಹಾಗೆ ಹಟ ಹಿಡಿಯೋದು ಇವತ್ತೇ ನೋಡಿದ್ದು."

ಅವನು ನಕ್ಕುಬಿಟ್ಟ. ಅಪ್ಪನೂ ನಕ್ಕರು. ಅವಳು ನಗಬಾರದೆಂದು ತುಟಿ ಕಚ್ಚಿ ಹಿಡಿದಳು. ತುಟಿ ಮಾತು ಕೇಳಲಿಲ್ಲ.

ಅಪ್ಪ ಮುದ್ರಣಾಲಯದ ಯಂತ್ರಗಳ ಗದ್ದಲದಲ್ಲಿ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ಹಾಡಿನ ಹುಚ್ಚು ಹತ್ತಿತ್ತು, ಹಾಡಿಗಿಂತ ಹೆಚ್ಚಾಗಿ ತಂತಿಯ ಹುಚ್ಚು. ಹಳೆಯ ತೆಳು ವೈರು ಹೋಗಿ ಹೆಬ್ಬೆರಳು ದಪ್ಪದ ತಾಮ್ರದ ಸ್ಪೀಕರ್ ಕೇಬಲ್ ಬಂತು. ಆಂಪ್ಲಿಫೈಯರಿಗೆ ಹೊಸ ಪವರ್ ಕೇಬಲ್ ಬಂತು. ಪ್ರತಿ ಸಲವೂ ಅಪ್ಪ, "ಹಾಡೋರ ಮುಂದಿದ್ದ ಪರದೆ ಸರಿದ ಹಾಗಾಯ್ತು" ಎನ್ನುವರು. ಕುಣಿಯಲಾರದವಳಿಗೆ ನೆಲ ಡೊಂಕಾದರೆ ನಿಮಗೆ ತಂತಿ ಡೊಂಕು ಎಂದು ಮಗಳು ಅಣಕಿಸುವಳು.

ಆ ಕುಂಯ್ ಸದ್ದಿನ ನೆಪದಲ್ಲಿ ಮೊಲ ಮತ್ತೆ ಮತ್ತೆ ಬಂದ. ಒಮ್ಮೆ ಪ್ಲಗ್ ಬದಲಿಸಿದ, ಇನ್ನೊಮ್ಮೆ ಕೇಬಲ್ಲಿನ ತುದಿ ಬಿಚ್ಚಿ ಹೊಸದಾಗಿ ಬಿಗಿದ. ಚಹಾ ಕುಡಿಯುವಾಗ ಮಾತು ಬೆಳೆಯಿತು. ಅವಳದು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳು ಬಂದು ಹೋಗುವುದನ್ನು ಸಾರುವ ಕೆಲಸ ಎಂದು ತಿಳಿದಾಗ ಅವನ ಕಣ್ಣು ಅರಳಿತು.

"ಆ ದನಿ ನೀವೇನಾ? ಅದನ್ನ ಕೇಳ್ತಾ ನಿಂತು ನಾನು ರೈಲು ತಪ್ಪಿಸಿಕೊಂಡಿದ್ದೀನಿ."

"ಸುಳ್ಳು."

"ಒಂದು ಸಲವಾದ್ರೂ ನಿಜ ರೀ."

ಮಾತಾಡುವಾಗ ಅವನು ಅವಳ ಮುಖವನ್ನು ನೋಡುತ್ತಿದ್ದ ರೀತಿಯೇ ಬೇರೆ. ಕಣ್ಣಿನಿಂದ ತುಟಿಗೆ, ತುಟಿಯಿಂದ ಕಣ್ಣಿಗೆ. ಅವಳ ಮಾತಿಗಾಗಿ ಅಷ್ಟು ಆಸೆಯಿಂದ ಕಾದವರು ಯಾರೂ ಇರಲಿಲ್ಲ. ಅವನು ಬರುವ ದಿನ ಅವಳು ಎರಡು ಸಲ ಕನ್ನಡಿ ನೋಡಿಕೊಳ್ಳತೊಡಗಿದಳು.

ಒಂದು ಸಂಜೆ ಅವನು ಸ್ಪೀಕರಿನ ಹಿಂದೆ ಗೋಡೆಯ ಮೂಲೆಯಲ್ಲಿ ತೂರಿಕೊಂಡು, ಪವರ್ ಕೇಬಲ್ ಸ್ಪೀಕರ್ ಕೇಬಲ್ಲಿಗೆ ತಾಗದಂತೆ ಬೇರೆ ದಾರಿಯಲ್ಲಿ ಎಳೆಯುತ್ತಿದ್ದ. ಅವಳು ಟಾರ್ಚು ಹಿಡಿದು ಬಗ್ಗಿದ್ದಳು. ಕಾಣುತ್ತಿದ್ದುದು ಅವನ ಬೆನ್ನು ಮಾತ್ರ. ಮುಖ ಕಾಣದ್ದಕ್ಕೇ ಅವಳಿಗೆ ಧೈರ್ಯ ಬಂತು.

"ದಿನಾ ಬಂದುಬಿಡಿ," ಎಂದಳು ಮೆಲ್ಲಗೆ. "ಸದ್ದು ಇರಲಿ, ಹೋಗಲಿ. ನನಗೆ ನೀವು ಬೇಕು."

ಅವನು ಕೈಚಾಚಿ, "ಸ್ಕ್ರೂಡ್ರೈವರ್ ಕೊಡಿ," ಎಂದ. ಅವಳು ಅಲುಗಲಿಲ್ಲ. ಆಗ ಅವನು ಕೂದಲ ತುಂಬ ಧೂಳು ಮೆತ್ತಿಕೊಂಡು ಹೊರಬಂದ. "ಏನಾದ್ರೂ ಅಂದ್ರಾ?"

ಅವಳ ಮುಖ ನಾಚಿಕೆಯಿಂದ ಕೆಂಪಾಯಿತು. "ಏನಿಲ್ಲ ಬಿಡಿ."

ಅವನ ಮುಖದ ನಗು ದೀಪ ಆರಿದಂತೆ ಆರಿತು. ಟೂಲುಗಳನ್ನು ಬ್ಯಾಗಿಗೆ ತುಂಬಿಕೊಂಡು, ಚಹಾ ಮುಟ್ಟದೆ, ಅಪ್ಪನಿಗಷ್ಟೇ ಕೈಮುಗಿದು ಹೊರಟುಹೋದ.

ಕೇಳಿಯೂ ಕೇಳದ ಹಾಗೆ ನಟಿಸಿದ ಎಂದುಕೊಂಡಳು. ಮನಸ್ಸಿಲ್ಲದವರು ಹೀಗೇ ಅಲ್ಲವೇ ಜಾರಿಕೊಳ್ಳುವುದು. ಆಮೇಲಿನ ದಿನಗಳಲ್ಲಿ ಮೈಕಿನಲ್ಲಿ ಅವಳ ದನಿ ಒಣಗಿ ಬರುತ್ತಿತ್ತು. "ಮೊಲ ಯಾಕೆ ಬರ್ತಿಲ್ಲ?" ಎಂದು ಅಪ್ಪ ಕೇಳಿದರೆ, "ನಿಮ್ಮ ಸಿಸ್ಟಮ್ ಸರಿಹೋಯ್ತಲ್ಲ, ಇನ್ಯಾಕೆ?" ಎನ್ನುವಳು. ಸರಿಹೋಗಿರಲಿಲ್ಲ.

ಕಳ್ಳ ಸಿಕ್ಕಿದ್ದು ತಾನಾಗಿಯೇ. ಆಂಪ್ಲಿಫೈಯರಿನ ಪ್ಲಗ್ ಬೋರ್ಡಿನಲ್ಲೇ ಅವಳ ಅಗ್ಗದ ಮೊಬೈಲ್ ಚಾರ್ಜರೂ ಸಿಕ್ಕಿಸಿತ್ತು. ಅದನ್ನು ಕಿತ್ತ ಗಳಿಗೆ ಕುಂಯ್ ನಿಂತಿತು. ಅವಳಿಗೆ ನಗು ಬಂತು, ಜತೆಗೆ ಅವನನ್ನು ಕರೆಯಲು ಒಂದು ನೆಪವೂ ಸಿಕ್ಕಿತು. ಸಿಟ್ಟು ಎಲ್ಲಿ ಹೋಯಿತೋ.

ಅವನು ಬಂದಾಗ ಅಪ್ಪ ಒಳಗೆ ಮಲಗಿದ್ದರು. "ಕಣ್ಣು ಮುಚ್ಚಿ," ಎಂದಳು. "ಸದ್ದು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಹೇಳಿ. ಮೊಲದ ಕಿವಿ ಎಷ್ಟು ಚುರುಕು ನೋಡೋಣ."

ಅವನು ಬೇಡವೆಂಬಂತೆ ನೋಡಿದ. ಆದರೂ ಕಣ್ಣು ಮುಚ್ಚಿದ.

ಅವಳು ಚಾರ್ಜರ್ ಸಿಕ್ಕಿಸಿದಳು. ಸದ್ದು ಸೂಜಿಯಂತೆ ಎದ್ದಿತು. "ಈಗ?" ಎಂದಳು ಜೋರಾಗಿ.

"ಈಗ ಇಲ್ಲ."

ಕಿತ್ತಳು. ಕೋಣೆ ಪೂರ್ತಿ ಶಾಂತವಾಯಿತು. "ಈಗ?"

"ಈಗ... ಸ್ವಲ್ಪ ಇದೆ."

ಅವಳು ಮತ್ತೆ ಕೇಳಲಿಲ್ಲ. ಅವನು ಕಣ್ಣು ತೆರೆದು ಅವಳ ಮುಖ ನೋಡಿದ. ಅವಳು ಚಾರ್ಜರನ್ನು ಕೆಳಗಿಟ್ಟಳು.

"ಯಾವಾಗಿಂದ?"

"ಸಣ್ಣ ದನಿಗಳು ಮೊದಲು ಹೋದವು. ಹಕ್ಕಿ ಕೂಗು, ಬೀಗದ ಕೈ ಸದ್ದು. ಈಗ ಮಾತೂ ಜಾರ್ತಿದೆ. ತುಟಿ ಕಂಡ್ರೆ ಗೊತ್ತಾಗುತ್ತೆ. ಕಿವಿಗೆ ಯಂತ್ರ ಹಾಕಿಸಿದ್ರೂ ಸ್ವಲ್ಪ ಕಾಲ ಅಷ್ಟೇ ಅಂದ್ರು ಡಾಕ್ಟ್ರು. ನಮ್ಮಮ್ಮನಿಗೂ ಹೀಗೇ ಆಗಿದ್ದು."

ಅವನು ಬಗ್ಗಿ ಕೇಬಲ್ಲನ್ನು ಸುಮ್ಮನೆ ಸವರಿದ.

"ನಮ್ಮಪ್ಪ ಕೆಟ್ಟೋರಲ್ಲ ರೀ. ಮೊದಮೊದಲು ಒಂದು ಮಾತನ್ನ ಎರಡೆರಡು ಸಲ ಹೇಳ್ತಿದ್ರು. ಆಮೇಲೆ ಕೂಗಿ ಹೇಳ್ತಿದ್ರು. ಕೊನೆಕೊನೆಗೆ, 'ಏನಿಲ್ಲ ಬಿಡು' ಅನ್ನೋರು. ತುಟಿ ನೋಡಿದ ತಕ್ಷಣ ಅಮ್ಮನಿಗೆ ತಿಳೀತಿದ್ದ ಮಾತು ಅದೊಂದೇ."

ಅವಳು ಅವನ ಎದುರಿಗೆ ಬಂದು ಕೂತಳು. "ಅವತ್ತು ನಾನು ಅಂದಿದ್ದು ಬೇರೆ..."

"ಹೇಳಬೇಡಿ." ಅವನು ಕೈ ಅಡ್ಡ ಹಿಡಿದ. "ಹೇಳಿದ್ರೆ ನನಗೆ ಹೋಗೋಕಾಗಲ್ಲ. ಅಂಗಡಿ ಬಿಟ್ಟಾಯ್ತು. ಅಕ್ಕ ಸಸಿ ಬೆಳೆಸಿ ಮಾರ್ತಾಳೆ, ಅಲ್ಲಿಗೆ ಹೊರಟಿದ್ದೀನಿ. ಗಿಡದ ಕೆಲಸಕ್ಕೆ ಕಿವಿ ಬೇಕಿಲ್ಲ."

"ನನ್ನ ಕೇಳದೆ ನೀವೊಬ್ರೇ ನಿರ್ಧಾರ ಮಾಡಿದ್ರಾ? ನಾನು ನಿಮ್ಮಪ್ಪ ಅಲ್ಲ."

"ಅಮ್ಮನ್ನ ಮದುವೆಯಾದಾಗ ನಮ್ಮಪ್ಪನೂ ಹಾಗಿರಲಿಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಹೊರಡುವ ದಿನ ಅವಳದೇ ಪಾಳಿ. ಮೈಕಿನ ಕೋಣೆಯ ಗಾಜಿನಿಂದ ಎಲ್ಲ ಪ್ಲಾಟ್‌ಫಾರ್ಮುಗಳೂ ಕಾಣುತ್ತಿದ್ದವು. ಅವನು ಬೆಂಚಿನ ಮೇಲೆ ಕೂತಿದ್ದ. ಅವನ ರೈಲು ಆಚೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸುದ್ದಿ ಬಂತು. ಅವಳು ಸಾರಿದಳು. ಜನ ಗಂಟುಮೂಟೆ ಎತ್ತಿಕೊಂಡು ಮೇಲ್ಸೇತುವೆಗೆ ನುಗ್ಗಿದರು. ಅವನು ಕೂತೇ ಇದ್ದ. ಮತ್ತೆ ಸಾರಿದಳು, ಬಿಡಿಸಿ ಬಿಡಿಸಿ. ಅವನು ತಲೆತಗ್ಗಿಸಿ ಬ್ಯಾಗಿನ ಜಿಪ್ಪು ಸರಿಮಾಡುತ್ತಿದ್ದ.

ಮೈಕನ್ನು ಪಾಳಿಯ ಜೊತೆಗಾತಿಯ ಕೈಗಿಟ್ಟು ಅವಳು ಮೆಟ್ಟಿಲಿಳಿದು ಓಡಿದಳು.

"ರೈಲು ಆ ಕಡೆ ಬರ್ತಿದೆ," ಎಂದಳು, ಅವನ ಎದುರಿಗೆ ನಿಂತು. ಅವನಿಗೆ ಅರ್ಥವಾಯಿತು, ಅವಳು ಎಷ್ಟು ಸಲ ಸಾರಿರಬೇಕೆಂಬುದೂ ಸೇರಿ. ಬ್ಯಾಗಿನ ಒಂದೊಂದು ಹಿಡಿ ಹಿಡಿದು ಇಬ್ಬರೂ ಸೇತುವೆ ದಾಟಿದರು.

ಆಚೆ ಬದಿಯಲ್ಲಿ ಅವಳು ಅವನನ್ನು ಹೋಗಬೇಡಿ ಎಂದು ತಡೆಯಲಿಲ್ಲ. "ನನಗೆ ನೀವು ಬೇಕು ಅಂದಿದ್ದೆ ಅವತ್ತು."

ಅವನು ಬ್ಯಾಗನ್ನು ಕೆಳಗಿಟ್ಟ. "ಇನ್ನೊಂದು ಸಲ ಹೇಳಿ."

"ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಅವಳು ಹೇಳಿದಳು. ಅವನು ಬೆರಳ ತುದಿಗಳನ್ನು ಅವಳ ಕೊರಳಿಗೆ ಮೆಲ್ಲಗೆ ಇಟ್ಟ, ದನಿ ಹುಟ್ಟುವ ಜಾಗಕ್ಕೆ. ಅವಳು ಮತ್ತೆ ಹೇಳಿದಳು. ಅಳು ಬಂದು ಮಾತು ನಿಂತ ಮೇಲೂ ಬೆರಳು ಅಲ್ಲೇ ಇತ್ತು.

ರೈಲು ಬಂತು. ಅವನು ಹತ್ತಿ ಬಾಗಿಲಲ್ಲಿ ನಿಂತ.

"ಹೋಗ್ತೀನಿ," ಎಂದ.

"ಹಾಗನ್ನಬಾರದು. ಬರ್ತೀನಿ ಅನ್ನಬೇಕು."

ಅವನು ಅವಳ ತುಟಿಗಳನ್ನು ನೋಡಿದ. ಮಾತು ಅರ್ಥವಾಗಿತ್ತು. ನಕ್ಕ, ಆದರೆ ಹೇಳಲಿಲ್ಲ.

ರೈಲು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಮೆಟ್ಟಿಲು ಹತ್ತಿ ಕೋಣೆಗೆ ಬಂದಳು. ಮುಖ ಒರೆಸಿಕೊಂಡಳು. ಜೊತೆಗಾತಿ ಕುರ್ಚಿ ಬಿಟ್ಟುಕೊಟ್ಟಳು. ಅವನ ರೈಲು ಹೊರಟಿದೆ ಎಂದು ಊರಿಗೆ ಸಾರುವುದು ಅವಳ ಕೆಲಸವಾಗಿತ್ತು. ಸಾರಿದಳು.