ನಮ್ಮವರಿಗೆಂದು ಎತ್ತಿಟ್ಟ ಔಷಧಿ

2025ರ ಜುಲೈ 17, ಗುರುವಾರ. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕಂಪ್ಲಿ ಠಾಣೆಯ ಮೆಟ್ಟಿಲು ಹತ್ತಿದ ಎಮ್ಮಿಗನೂರಿನ ಗಾದಿಲಿಂಗಪ್ಪನ ಕಾಲಿಗೆ ಗದ್ದೆಯ ಕೆಸರು ಮೆತ್ತಿಕೊಂಡು ಹಾಗೇ ಒಣಗಿತ್ತು. ಹೆಂಡತಿಯ ಹೆಣ ಹೊಸಪೇಟೆಯ ಶವಾಗಾರದಲ್ಲಿತ್ತು. ಅವನಿಗೆ ಬರೆಯಲು ಬಾರದು. ಹೆಡ್ ಕಾನ್‌ಸ್ಟೆಬಲ್ ಸುಂಕಮ್ಮ ಅವನು ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಳು.

ಬೆಳಗ್ಗೆ ಹನ್ನೊಂದೂವರೆಗೆ ನಾಟಿಗೆಂದು ಸಸಿ ಕೀಳುತ್ತಿದ್ದಾಗ ಅವನ ಹೆಂಡತಿ ಹಂಪಮ್ಮನ ಹಿಮ್ಮಡಿಗೆ ಹಾವು ಕಡಿದಿತ್ತು. 'ಹಾವು ಕಡಿತಕ್ಕೆ ಇಲ್ಲಿ ಔಷಧಿ ಉಂಟು' ಎಂದು ಬೋರ್ಡು ಹಾಕಿಕೊಂಡ ಹೊನ್ನಮ್ಮ ಧರ್ಮಾಸ್ಪತ್ರೆಗೆ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಅವಳನ್ನು ಬೈಕಿನಲ್ಲಿ ತಂದಿದ್ದರು. ಸಿಸ್ಟರ್ ನೋಡಿದಳು, ಔಷಧಿ ಖಾಲಿಯಾಗಿದೆ, ಹೊಸಪೇಟೆಗೆ ಹೋಗಿ ಎಂದಳು. ಆಂಬುಲೆನ್ಸನ್ನೂ ಅವಳೇ ಕರೆಸಿದಳು. ಒಂದು ಗಂಟೆ ಹತ್ತು ನಿಮಿಷಕ್ಕೆ, ಹೊಸಪೇಟೆ ಇನ್ನೂ ಮುಟ್ಟುವ ಮೊದಲೇ, ಹಂಪಮ್ಮನ ಉಸಿರು ನಿಂತಿತು. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

"ಔಷಧಿ ಇರ್ಲಿಲ್ಲ ಅಂದ್ರ ಅದು ನಮ್ಮ ಹಣೆಬರಹ ಸಾರ್," ಎಂದ ಗಾದಿಲಿಂಗಪ್ಪ. "ಆದ್ರ ಐತೋ ಇಲ್ಲೋ, ಅಷ್ಟು ನೋಡಿ ಹೇಳ್ರಿ."

ಇನ್ಸ್‌ಪೆಕ್ಟರ್ ಹುಲಿಗೇಶ್ ಹದಿನೇಳು ವರ್ಷದ ನೌಕರಿಯಲ್ಲಿ ನೂರಾರು ದೂರು ನೋಡಿದ್ದ. ಪರಿಹಾರ ಕೊಡಿಸಿ ಎಂದವರಿದ್ದರು, ಒಳಗೆ ಹಾಕಿ ಎಂದವರಿದ್ದರು. ಇಷ್ಟು ಕಡಿಮೆ ಕೇಳಿದವರು ಯಾರೂ ಇರಲಿಲ್ಲ. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಿಸಿ, ಸುಂಕಮ್ಮನನ್ನು ಕರೆದುಕೊಂಡು ಜೀಪು ಹತ್ತಿದ.

ಆಸ್ಪತ್ರೆಯನ್ನು ಕಟ್ಟಿಸಿದವನು ಅಕ್ಕಿ ಗಿರಣಿಯ ಹಾಲೇಶ್. ತಾಯಿಯ ಹೆಸರಿನಲ್ಲಿ ಟ್ರಸ್ಟ್ ಮಾಡಿ ತಾನೇ ಕಾರ್ಯದರ್ಶಿಯಾಗಿದ್ದ. ಹಂಪಮ್ಮನನ್ನು ತಂದಾಗ ಡ್ಯೂಟಿ ಡಾಕ್ಟರು ಹೆರಿಗೆ ಆಪರೇಷನ್ನಿನಲ್ಲಿದ್ದರು. ಸ್ಟಾಕ್ ಇಲ್ಲ ಎಂದು ಸಿಸ್ಟರ್ ಹೇಳಿ ಕಳಿಸಿದ ಮೇಲೆ, ಹಾಗಾದರೆ ಹೊಸಪೇಟೆಗೆ ಕಳಿಸಿ ಎಂದದ್ದಷ್ಟೇ ತಮ್ಮ ಪಾತ್ರ ಎಂದರು. ಸಿಸ್ಟರ್ ವಿಜಯಲಕ್ಷ್ಮೀಗೆ ನಲವತ್ತಾರು ವರ್ಷ, ಅದರಲ್ಲಿ ಇಪ್ಪತ್ತೆರಡು ನರ್ಸಾಗಿಯೇ ಕಳೆದಿದ್ದವು. ಹಸುಗೂಸಿನ ನರವನ್ನೂ ಒಂದೇ ಸಲಕ್ಕೆ ಹಿಡಿಯುವ ಕೈ ಎಂದು ಸುತ್ತಲಿನ ಹಳ್ಳಿಯಲ್ಲಿ ಅವಳಿಗೆ ಹೆಸರಿತ್ತು. ಕೇಳುವ ಮೊದಲೇ ಸ್ಟಾಕ್ ರಿಜಿಸ್ಟರ್ ತಂದು ಮುಂದಿಟ್ಟಳು. ಜುಲೈ 9ಕ್ಕೆ ಎಮ್ಮಿಗನೂರಿನ ಪಾಲಪ್ಪ ಎಂಬವನಿಗೆ ಹತ್ತು ವಯಲ್, ಅಂದರೆ ಹತ್ತು ಪುಟ್ಟ ಸೀಸೆ, ವಿಷನಿರೋಧಕ ಕೊಟ್ಟದ್ದು ಬ್ಯಾಚ್ ನಂಬರಿನ ಸಮೇತ ಮುತ್ತು ಪೋಣಿಸಿದಂಥ ಅಕ್ಷರದಲ್ಲಿತ್ತು. ಉಳಿಕೆ, ಸೊನ್ನೆ.

ಹುಲಿಗೇಶನಿಗೆ ಅದರಲ್ಲಿ ಕೊಂಕು ಕಾಣಲಿಲ್ಲ. ಕಂಡದ್ದು ಸುಂಕಮ್ಮನಿಗೆ. ಬಂಡ್ರಿಯ ತನ್ನ ತಮ್ಮನಿಗೆ ಹಾವು ಕಡಿದಾಗ ಈ ಔಷಧಿ ಹಾಕಿ ಎರಡು ದಿನ ಮಂಚದಿಂದ ಇಳಿಯಗೊಟ್ಟಿರಲಿಲ್ಲ ಎಂದು ಅವಳು ನೆನೆದಳು. ಮೈಗೆ ಒಗ್ಗದಿದ್ದರೆ ಜೀವಕ್ಕೇ ಕುತ್ತಂತೆ. ಹಾಗಿದ್ದರೆ ಪಾಲಪ್ಪನ ಒಳರೋಗಿ ಚೀಟಿ ಎಲ್ಲಿ? ಕೇಳಿದಾಗ ವಿಜಯಲಕ್ಷ್ಮೀ ಕಪಾಟು ತೆರೆದಳು, ಮುಚ್ಚಿದಳು, ಸಿಗುತ್ತಿಲ್ಲ ಎಂದಳು.

ಮರುದಿನ ಬೆಳಗ್ಗೆ ಎಂಟಕ್ಕೆ ಪಾಲಪ್ಪ ಊರ ಚಹಾದಂಗಡಿಯಲ್ಲೇ ಸಿಕ್ಕ. ಅವನಿಗೆ ಕಡಿದದ್ದು ಬರೀ ನೀರು ಹಾವು. ಸಿಸ್ಟರ್ ನೋಡಿ, ವಿಷ ಇಲ್ಲ, ಹೆದರಬೇಡ ಎಂದು ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದಳು. ಅವತ್ತೇ ಮಧ್ಯಾಹ್ನದ ಊಟಕ್ಕೆ ಅವನು ಮನೆಯಲ್ಲಿದ್ದ. ಜೇಬಿನಿಂದ ತೆಗೆದ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಇನ್ನೊಂದು ಸಾಲು ಅಚ್ಚಾಗಿತ್ತು: 'ಯಾರ ಕಡೆಯವರು'. ಅಲ್ಲಿ ಅಡ್ಡಗೆರೆ ಎಳೆದಿತ್ತು. ಹಿಂದಿನ ದಿನ ಆಸ್ಪತ್ರೆಯಲ್ಲಿ ನೋಡಿದ್ದ ಹಂಪಮ್ಮನ ಚೀಟಿಯಲ್ಲೂ ಅಲ್ಲಿ ಅಡ್ಡಗೆರೆಯೇ ಇದ್ದದ್ದು ಹುಲಿಗೇಶನಿಗೆ ನೆನಪಾಯಿತು. ರೋಗಿಗೆ ಏನಾಗಿದೆ ಎಂದು ಕೇಳುವ ಮೊದಲು ಯಾರ ಕಡೆಯವನು ಎಂದು ಕೇಳುವ ಧರ್ಮಾಸ್ಪತ್ರೆ! ಅವನು ಚಹಾ ಅರ್ಧಕ್ಕೇ ಬಿಟ್ಟೆದ್ದ.

ಹತ್ತೂವರೆಗೆ ಇಬ್ಬರು ಪಂಚರ ಎದುರು ಆಸ್ಪತ್ರೆಯ ಔಷಧಿ ಕೋಣೆಯ ಪಂಚನಾಮೆ ಶುರುವಾಯಿತು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಇನ್ಸುಲಿನ್ ಪೆಟ್ಟಿಗೆಗಳ ಹಿಂದೆ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಹತ್ತು ವಯಲ್, ಒಂದರ ಮುಚ್ಚಳವೂ ಒಡೆದಿರಲಿಲ್ಲ. ಬ್ಯಾಚ್ ನಂಬರು ರಿಜಿಸ್ಟರಿನದ್ದೇ. ಕದ್ದು ಮಾರಿರಬೇಕು ಎಂದುಕೊಂಡಿದ್ದ ಹುಲಿಗೇಶನಿಗೆ ಇದು ಇನ್ನೂ ಅಸಹ್ಯವಾಯಿತು. ಕಳ್ಳನಿಗಾದರೂ ಒಂದು ಆಸೆ ಇರುತ್ತದೆ. ಹತ್ತೂ ಇದ್ದವು, ಹೆಂಗಸು ಸತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಜಪ್ತಿ ಮಾಡಿದ ಮಾಲನ್ನು ಅರಗು ಹಾಕಿ ಮುಚ್ಚಬೇಕು. ಅದು ನಿಯಮ. ಮುಚ್ಚಿದರೆ ಕೇಸು ಮುಗಿಯುವುದರೊಳಗೆ ಔಷಧಿ ಕೆಟ್ಟು ಮಣ್ಣಾಗುತ್ತದೆ. ನಾಟಿಯ ಕಾಲ, ನಾಳೆ ಇನ್ನೊಬ್ಬಳ ಕಾಲಿಗೆ ಕಡಿಯದು ಎಂದು ಯಾರು ಹೇಳಬಲ್ಲರು? ಡಬ್ಬಿ ಮತ್ತು ಎರಡು ವಯಲ್ ಮಾತ್ರ ಸಾಕ್ಷಿಗೆ ಇಟ್ಟುಕೊಂಡು, ಹತ್ತರ ಫೋಟೋವನ್ನೂ ತೆಗೆಸಿ, ನ್ಯಾಯಾಲಯದ ಅನುಮತಿ ಪಡೆದು ಅವತ್ತೇ ಉಳಿದ ಎಂಟನ್ನು ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಿದ. ಎದುರು ಕಡೆಯ ವಕೀಲರು ಇದನ್ನೇ ಹಿಡಿದುಕೊಂಡರೆ ಹಿಡಿದುಕೊಳ್ಳಲಿ ಎಂದ.

ಸಿಸಿಟಿವಿಯಲ್ಲಿ ವಿಜಯಲಕ್ಷ್ಮೀ 12:09ಕ್ಕೆ ಔಷಧಿ ಕೋಣೆಗೆ ಹೋಗುವುದು ಕಂಡಿತು. 12:13ಕ್ಕೆ ಬರಿಗೈಯಲ್ಲಿ ಹೊರಬಂದಳು. ಅವಳ ಮೊಬೈಲಿನಲ್ಲಿ ಹಾಲೇಶನ ಹಳೆಯ ಸಂದೇಶವಿತ್ತು: 'ಯಾವಾಗಲೂ ಹತ್ತು ನಮ್ಮವರಿಗೆ ಇರಲಿ. ಬೇರೆಯವರಿಗೆ ಖಾಲಿ ಅಂತ ಹೇಳಿ. ರಿಜಿಸ್ಟರ್ ಸರಿ ಮಾಡಿಕೊಳ್ಳಿ.'

ಮೊದಲ ಡೋಸು ಆಗಲೇ ಬಿದ್ದಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು ಎಂದು ಸರ್ಕಾರಿ ವೈದ್ಯರು ಬರೆದುಕೊಟ್ಟರು. ಪ್ರಕರಣಕ್ಕೆ ಕಲಂ 105, ಕೊಲೆಯಲ್ಲದ ನರಹತ್ಯೆ, ಸೇರಿತು. ಸುಳ್ಳು ದಾಖಲೆಯ ಕಲಮುಗಳೂ ಸೇರಿದವು. 19ರ ಮಧ್ಯಾಹ್ನ ಎರಡಕ್ಕೆ ಹಾಲೇಶನನ್ನು ಗಿರಣಿಯಲ್ಲೇ ಬಂಧಿಸಿದರು. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಾ ಕಟ್ಟಿಸಿದ ಆಸ್ಪತ್ರಿರೀ. ನಮ್ಮ ಮನಿಯವ್ರಿಗೆ ಒಂದೀಟು ಎತ್ತಿಟ್ಕೊಂಡ್ರ ತಪ್ಪೇನು? ನಾನೇನು ಹಾವು ಬಿಟ್ಟಿದ್ನೇನು?"

"ಬೋರ್ಡು ಹಾಕಿದ್ದು ನೀವ," ಎಂದ ಹುಲಿಗೇಶ್. "ಆ ಬೋರ್ಡು ನಂಬಿ ಬಂದಾಕಿ ಸತ್ಲು. ನಡೀರಿ."

ವಿಜಯಲಕ್ಷ್ಮೀಯನ್ನು ಮೂರೂವರೆಗೆ ವಿಚಾರಣೆಗೆ ಕೂರಿಸಿದರು. ಅವಳು ಏನನ್ನೂ ಅಲ್ಲಗಳೆಯಲಿಲ್ಲ.

"ಒಳಗ ನಾಕು ನಿಮಿಷ ಏನು ಮಾಡಿದ್ರಿ?"

"ಡಬ್ಬಿ ಕೈಯಾಗ ಹಿಡ್ಕೊಂಡು ನಿಂತಿದ್ದೆ."

"ಆಕೀಗೆ ಅದು ಬೇಕು ಅಂತ ಗೊತ್ತಿತ್ತಾ?"

"ಗೊತ್ತಿತ್ರಿ. ವಿಷ ಏರಿ ಕಣ್ಣ ರೆಪ್ಪಿ ಆಗ್ಲೇ ಇಳೀತಿದ್ವು."

"ಮತ್ತ?"

"ಹೊಸಪೇಟಿ ಮುಟ್ತಾಳ ಅನ್ಕಂಡೆ."

"ಅನ್ಕಂಡ್ರಾ, ಇಲ್ಲಾ ಹಂಗ ಅನ್ಕಂಡು ಸಮಾಧಾನ ಮಾಡ್ಕಂಡ್ರಾ?"

ಅದಕ್ಕೆ ಅವಳು ಹಿಂದಿನ ವರ್ಷದ ಜೂನಿನ ಸಂಗತಿ ಹೇಳಿದಳು. ಕುರಿ ಕಾಯುವವರ ಹೆಂಗಸೊಬ್ಬಳು ಹಾವು ಕಡಿದು ಬಂದಿದ್ದಳು, ಇದ್ದ ಹತ್ತೂ ವಯಲ್ ಅವಳಿಗೆ ಹಾಕಿದ್ದಳು. ಒಂದು ತಾಸಿನ ಮೇಲೆ ಹಾಲೇಶನ ಅಣ್ಣನನ್ನು ತಂದರು, ಅವನಿಗೂ ಹಾವೇ. ಔಷಧಿ ಇರಲಿಲ್ಲ. ಬಳ್ಳಾರಿಗೆ ಹೋಗಿ ಬದುಕಿಕೊಂಡ, ಎರಡು ಬೆರಳು ಹೋದವು. ವಾರದ ಮೇಲೆ ರೋಗಿಗಳೆಲ್ಲ ಕೂತಿರುವಾಗ ಹಾಲೇಶ್ ಇವಳನ್ನು ನಡುವೆ ನಿಲ್ಲಿಸಿ, ಅಣ್ಣನಿಗೆ ಕೈ ಮುಗಿಸಿ, ತಪ್ಪಾಯಿತು ಎಂದು ಹೇಳಿಸಿದ್ದ. ಆ ಸಂದೇಶ ಬಂದದ್ದು ಅದೇ ಸಂಜೆ.

ಆ ಕುರಿಗಾಹಿ ಹೆಂಗಸು ಈಗ ಹೇಗಿದ್ದಾಳೆ ಎಂದು ಸುಂಕಮ್ಮ ಕೇಳಿದಳು.

"ಚಲೋ ಅದಾಳ. ಮೊನ್ನೆ ಮಗಳ ಹೆರಿಗೀಗೆ ಬಂದಿದ್ಲು." ವಿಜಯಲಕ್ಷ್ಮೀ ತನ್ನ ಕೈಗಳನ್ನೇ ನೋಡುತ್ತಿದ್ದಳು. "ಆಕೀನ ಉಳಿಸಿದ್ದಕ್ಕ ನನ್ನ ಕಡೀಂದ ತಪ್ಪಾತು ಅನ್ನಿಸಿದ್ರು ಸಾರ್. ಈಕೀನ ಸಾಯಿಸಿದ್ದಕ್ಕ ಆಸ್ಪತ್ರ್ಯಾಗ ಯಾರೂ ಏನೂ ಅನ್ಲಿಲ್ಲ."

ಹುಲಿಗೇಶನಿಗೆ ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ. ಅವಮಾನ ಮಾಡಿದವನೊಬ್ಬ, ಅದನ್ನು ಜೀವ ಕೊಟ್ಟು ತೀರಿಸಿದವಳು ಹಂಪಮ್ಮ. ಇದರಲ್ಲಿ ಕನಿಕರಕ್ಕೆ ಎಲ್ಲಿ ಜಾಗ ಮಾಡುವುದು ಎಂದು ಅವನಿಗೆ ತಿಳಿಯಲಿಲ್ಲ. ಹೊತ್ತು ಮುಳುಗಿದ ಮೇಲೆ ಹೆಣ್ಣುಮಗಳನ್ನು ಬಂಧಿಸುವಂತಿಲ್ಲ ಎಂಬುದು ನಿಯಮ. ಐದು ಗಂಟೆ ಹತ್ತು ನಿಮಿಷಕ್ಕೆ ಸುಂಕಮ್ಮ ಬಂಧನದ ಕಾಗದಕ್ಕೆ ಅವಳ ಸಹಿ ಪಡೆದಳು.

ಗಾದಿಲಿಂಗಪ್ಪ ಮೂರು ದಿನದಿಂದ ಠಾಣೆಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ಹುಲಿಗೇಶ್ ಹೊರಗೆ ಬಂದು ಅವನ ಪಕ್ಕದಲ್ಲೇ ಕೂತ.

"ಔಷಧಿ ಇತ್ತಪ್ಪ. ಹತ್ತೂ ಇದ್ವು."

ಅವನು ಅಳಲಿಲ್ಲ.

"ಹಂಗಾರ ಹಣೆಬರಹ ಅಲ್ಲ," ಎಂದ. ಆಮೇಲೆ ಎದ್ದು, ಇನ್ನು ಕೋರ್ಟಿಗೆ ಯಾವಾಗ ಬರಬೇಕು ಎಂದು ಕೇಳಿದ.