ಬೊಕ್ಕೆಗೆ ಹಚ್ಚಿದ ಜೇನು

"ಅಲ್ಲಾಡ್ಬೇಡ್ವೇ! ಜೇನು ಮೂಗಿಗೆ ಹೋಗತ್ತೆ," ಎಂದು ಅಜ್ಜಿ ಗದರಿದಳು.

ರುಮೆನಾ ಉಸಿರು ಬಿಗಿಹಿಡಿದು ನಿಂತಳು. ಅಜ್ಜಿ ಅವಳ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಒಂದೊಂದು ಬೊಟ್ಟು ಜೇನು ಇಟ್ಟಳು. ವರ್ವಾರಾ ಹಬ್ಬದ ದಿನ ಊರಿನ ಮಕ್ಕಳಿಗೆಲ್ಲ ಹೀಗೇ. ಸಿಡುಬು ತರುವ ದೇವತೆ ಸಿಡುಬಿನ ಅಜ್ಜಿ ಬಂದರೆ ಸಿಹಿ ತಿಂದು, ಮಕ್ಕಳ ಮೈ ಮುಟ್ಟದೆ ಹೊರಟುಹೋಗಲಿ ಎಂದು. ಮೇಜಿನ ಮೇಲೆ ಜೇನು ಸವರಿದ ಪುಟ್ಟ ರೊಟ್ಟಿಗಳು ಹಬೆಯಾಡುತ್ತಿದ್ದವು.

"ಯಾವೋರ್‌ಗೂ ಇಡ್ತೀಯಾ ಅಜ್ಜಿ?"

"ಅವನಿಗೋಸ್ಕರಾನೇ ಅಲ್ವೇನೇ ಇಷ್ಟೆಲ್ಲಾ?"

ತಮ್ಮ ಯಾವೋರ್ ಇವತ್ತು ಪ್ಲೊವ್ದಿವ್ ಸಿಟಿಯ ಆಸ್ಪತ್ರೆಯಿಂದ ಅಪ್ಪ ಅಮ್ಮನ ಜೊತೆ ಬರುತ್ತಿದ್ದ. ಪಾಪ, ಬೇಸಿಗೆಯಿಂದ ಅಲ್ಲೇ ಇದ್ದ. ರಕ್ತದ ಕ್ಯಾನ್ಸರ್. ಕ್ರಿಸ್‌ಮಸ್ ಮುಗಿಯುವವರೆಗೆ ಮನೆಯಲ್ಲಿರಲಿ ಎಂದು ಡಾಕ್ಟರ್ ಬಿಟ್ಟಿದ್ದರು.

ಅಮ್ಮ ಫೋನಿನಲ್ಲಿ ಎಲ್ಲ ಹೇಳಿದ್ದಳು. "ನಮ್ ಮೈಯೊಳಗೆ ಕಾವಲುಗಾರರು ಇರ್ತಾರೆ ಪುಟ್ಟಿ. ರೋಗ ಬಂದ್ರೆ ಹೊಡೆದಾಡ್ತಾರೆ. ಅದರ ಮುಖಾನೂ ನೆನಪಿಟ್ಕೋತಾರೆ, ಮತ್ತೆ ಬಂದ್ರೆ ಬಾಗಿಲಲ್ಲೇ ಹಿಡೀತಾರೆ. ಯಾವೋರ್‌ನ ಔಷಧಿ ಕ್ಯಾನ್ಸರ್ ಜೊತೆ ಅವರನ್ನೂ ಹೊಡೆದು ಹಾಕಿದೆ. ಮತ್ತೆ ಹುಟ್ಟೋಕೆ ಟೈಮ್ ಬೇಕು. ನಿಂಗೆ ಒಂದು ಸೀನು ಬಂದ್ರೂ ನಂಗೆ ಹೇಳ್ಬೇಕು, ಆಯ್ತಾ?"

ಬಟ್ಟೆ ಬದಲಿಸಲು ಕೋಣೆಗೆ ಹೋದ ರುಮೆನಾ ಅಂಗಿ ಎತ್ತಿದಳು. ಹೊಟ್ಟೆಯ ಮೇಲೆ ಒಂದು ನೀರುಬೊಕ್ಕೆ! ಬೆಳಿಗ್ಗೆ ತುರಿಸಿದಾಗ ಸೊಳ್ಳೆ ಕಚ್ಚಿರಬೇಕು ಅಂದುಕೊಂಡಿದ್ದಳು. ಡಿಸೆಂಬರ್ ಚಳಿಯಲ್ಲಿ ಎಲ್ಲಿಯ ಸೊಳ್ಳೆ? ಎರಡು ವಾರದ ಹಿಂದೆ ಅವಳ ಪಕ್ಕ ಕೂರುವ ನೇವೆನಾ ಚಿಕನ್‌ಪಾಕ್ಸ್ ಆಗಿ ರಜೆ ಹಾಕಿದ್ದಳು. ಆ ವಿಷಯವನ್ನು ರುಮೆನಾ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಹೇಳಿದ್ದರೆ ಯಾವೋರ್‌ನನ್ನು ಕರೆತರುತ್ತಿರಲಿಲ್ಲವಲ್ಲ!

ಮೆಲ್ಲಗೆ ಅಡುಗೆಮನೆಗೆ ಹೋಗಿ ಜೇನಿನ ಬಟ್ಟಲಲ್ಲಿ ಬೆರಳದ್ದಿದಳು. ಬೊಕ್ಕೆಯ ಮೇಲೆ ದಪ್ಪಗೆ ಸವರಿದಳು.

"ತಿಂದು ಹೋಗು ಅಜ್ಜಿ, ಪ್ಲೀಸ್," ಎಂದು ಸಿಡುಬಿನ ಅಜ್ಜಿಗೆ ಪಿಸುಗುಟ್ಟಿದಳು. "ಈಗ ಬೇಡ. ಅವನು ವಾಪಸ್ ಹೋದ್ಮೇಲೆ ಬೇಕಾದ್ರೆ ಬಾ."

ಸ್ವಲ್ಪ ಹೊತ್ತು ಬಿಟ್ಟು ನೋಡಿದಳು. ಜೇನು ಅಂಗಿಗೆ ಮೆತ್ತಿಕೊಂಡಿತ್ತು. ಬೊಕ್ಕೆ ಇದ್ದಲ್ಲೇ ಇತ್ತು. ಪಕ್ಕೆಯ ಹತ್ತಿರ ಇನ್ನೊಂದು ಎದ್ದಿತ್ತು. ಅವಳಿಗೆ ಅಳು ಬಂತು.

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಅಜ್ಜಿ ಬಾಗಿಲು ತೆಗೆಯುವಷ್ಟರಲ್ಲಿ ರುಮೆನಾ ಅವಳನ್ನು ದಾಟಿ ಅಂಗಳಕ್ಕೆ ಓಡಿದಳು. ಗೇಟಿನಿಂದ ದೂರದಲ್ಲೇ ನಿಂತು ಎರಡೂ ಕೈ ಬೀಸಿದಳು. ಕಾರಿನೊಳಗೆ ಉಣ್ಣೆ ಟೋಪಿ, ಮಾಸ್ಕ್ ಹಾಕಿಕೊಂಡಿದ್ದ ಯಾವೋರ್, ಅಕ್ಕ ಕರೆಯುತ್ತಿದ್ದಾಳೆ ಎಂದುಕೊಂಡು ತಾನೂ ಕೈ ಬೀಸಿದ.

"ಇಳೀಬೇಡಿ! ಅಪ್ಪಾ, ಗ್ಲಾಸ್ ಇಳಿಸ್ಬೇಡ!" ರುಮೆನಾ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. "ನಂಗೆ ಚಿಕನ್‌ಪಾಕ್ಸ್!"

ಅಮ್ಮ ಒಬ್ಬಳೇ ಇಳಿದು ಥಟ್ಟನೆ ಬಾಗಿಲು ಹಾಕಿದಳು. ಗೇಟಿನ ಆಚೆಯೇ ನಿಂತಳು. "ಪುಟ್ಟಿ..." ಎಂದು ಗೇಟಿನ ಸರಳು ಹಿಡಿದುಕೊಂಡಳು.

"ನಂಗೆ ಚಿಕ್ಕಂದಿನಲ್ಲೇ ಆಗಿದೆ, ಇವಳನ್ನ ನಾನು ನೋಡ್ಕೋತೀನಿ," ಎಂದಳು ಅಜ್ಜಿ. "ನೀವು ಮಗೂನ ಸಿಟಿಗೇ ಕರ್ಕೊಂಡು ಹೋಗಿ. ಬೇಗ!" ಯಾವೋರ್‌ಗೆಂದು ತಂದಿದ್ದ ರೊಟ್ಟಿಯನ್ನು ಅವಳು ಬೆನ್ನ ಹಿಂದೆ ಅಡಗಿಸಿಕೊಂಡಳು.

ಕಾರು ತಿರುಗಿತು. ಯಾವೋರ್ ಗಾಜಿಗೆ ದಬದಬ ಬಡಿದ. ಕಿರುಬೆರಳು ತೋರಿಸಿ ಕಿರುಚಿದ. "ಟೂ! ನಿನ್ ಜೊತೆ ಯಾವಾಗ್ಲೂ ಟೂ!"

ಕಾರು ಕಾಣದಾದ ಮೇಲೂ ರುಮೆನಾ ಅಲ್ಲೇ ನಿಂತಿದ್ದಳು.

"ಚಿಕ್ಕವನು ಕಣೇ, ಅವನಿಗೆ ಗೊತ್ತಾಗಲ್ಲ," ಎಂದು ಅಜ್ಜಿ ತಲೆ ಸವರಿದಳು.

"ಟೂ ಬಿಡ್ಲಿ ಅಜ್ಜಿ," ರುಮೆನಾ ಬಿಕ್ಕುತ್ತಾ ಹೇಳಿದಳು. "ಆಮೇಲೆ ರಾಜಿ ಮಾಡ್ಕೊಳ್ಳೋಕೆ ಅವನು ಇರ್ಬೇಕಲ್ಲಾ."